ಹಗೇವಿನ ಬಿಳಿಗಡ್ಡ

2019ರ ನವೆಂಬರ್ 21, ಗುರುವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಏಮಸ್ ಮಾವ ನನ್ನ ಬಾಗಿಲು ತಟ್ಟಿದ. ಒಳಗೆ ಬರಲಿಲ್ಲ. ಉತ್ತರದ ತುದಿಯ ನಮ್ಮೂರಿನಲ್ಲಿ ಸೂರ್ಯ ಮೂಡಲು ಇನ್ನೂ ಒಂದು ಗಂಟೆಯ ಮೇಲಿತ್ತು. ಅವನ ಟೋಪಿಯ ತುಪ್ಪಳದಲ್ಲಿ ಉಸಿರು ಹೆಪ್ಪುಗಟ್ಟದೆ ನೀರಾಗಿ ತೊಟ್ಟಿಕ್ಕುತ್ತಿತ್ತು. ನವೆಂಬರಿನಲ್ಲಿ ಅಂಥದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದಿಲ್ಲ.

"ಕಡಲು ಕೂತಿದೆ, ತುಕು," ಅಂದ. "ನೋಡ್ಕೊಂಡೇ ಬಂದೆ. ಕಲ್ಲು ಎಸೆದ್ರೆ ಮುಳುಗೋಕೆ ಯೋಚನೆ ಮಾಡುತ್ತೆ."

ಮುಂಜಾನೆಯ ತನಕ ಅಲೆಯಾಡುತ್ತಿದ್ದ ನೀರು ಗಂಜಿಯಂತೆ ದಪ್ಪಗಾಗಿ ಸುಮ್ಮನಾಗುವುದನ್ನು ನಾವು ಕಡಲು ಕೂರುವುದು ಅನ್ನುತ್ತೇವೆ. ಮಾವನ ಅಪ್ಪ ಆ ದಿನವನ್ನು ವರ್ಷಕ್ಕೊಂದು ಗೆರೆಯಂತೆ ವಾಲ್‌ರಸ್ ದಂತದ ಮೇಲೆ ಕೊರೆದು, ಪಕ್ಕದಲ್ಲಿ ತಾರೀಖು ಬರೆದಿಡುತ್ತಿದ್ದ. ಅವನ ಕೊನೆಯ ಹತ್ತು ಗೆರೆಗಳ ಸರಾಸರಿ ತೆಗೆದರೆ ಅಕ್ಟೋಬರ್ 14 ಬರುತ್ತದೆ. ಈ ವರ್ಷ ಮೂವತ್ತೆಂಟು ದಿನ ತಡವಾಗಿತ್ತು.

"ಹಾಗಾದ್ರೆ ನಾಡಿದ್ದು ಬಾಲ?" ಅಂದೆ.

"ನಾಡಿದ್ದು ಬಾಲ. ನಿಮ್ಮತ್ತೆ ಹಗೇವಿಗೆ ಇಳೀತಾಳಂತೆ. ಮಂಡಿನೋವು ಬೇರೆ. ನೀನೂ ಜೊತೆಗಿಳಿ."

ವಸಂತದಲ್ಲಿ ಹೊಡೆದ ತಿಮಿಂಗಿಲ ಜೂನ್ ಹಬ್ಬದಲ್ಲೇ ಊರಿಗೆಲ್ಲ ಹಂಚಿಹೋಗುತ್ತದೆ, ಬಾಲವೊಂದನ್ನು ಬಿಟ್ಟು. ಬಾಲವನ್ನು ದೋಣಿ ಯಜಮಾನನ ಹೆಂಡತಿ ಹೆಪ್ಪುಗಟ್ಟಿದ ನೆಲದೊಳಗೆ ತೋಡಿದ ತನ್ನ ಹಗೇವಿನಲ್ಲಿಟ್ಟು ಕಾಯುತ್ತಾಳೆ. ಕಡಲು ಕೂತ ಮೂರನೆಯ ದಿನ ಪ್ರತಿ ಮನೆಯವರೂ ಒಂದೊಂದು ಪಾತ್ರೆ ಹಿಡಿದು ಬರುತ್ತಾರೆ, ಅವಳು ಕೊಯ್ದು ಕೊಡುತ್ತಾಳೆ. ಅಲ್ಲಿಗೆ ಆ ತಿಮಿಂಗಿಲದ ಋಣ ಮುಗಿಯಿತು. ಬಾಲ ಹಂಚದ ಮನೆಗೆ ಮುಂದಿನ ವಸಂತದಲ್ಲಿ ಮತ್ತೊಂದು ತಿಮಿಂಗಿಲ ತಾನಾಗಿ ಬಂದು ಒಪ್ಪಿಸಿಕೊಳ್ಳುವುದಿಲ್ಲ. ಅದು ಬರುವುದು ಯಜಮಾನನ ಈಟಿಯನ್ನು ನೋಡಿಯಲ್ಲ, ಯಜಮಾನಿಯ ಹಗೇವನ್ನು ನೋಡಿ. ಹಾಗಾಗಿ ಬಾಲ ಕೆಟ್ಟರೆ ಹೆಸರು ಕೆಡುವುದು ಹೆಂಡತಿಯದು. ಹೆಸ್ಟರ್ ಅತ್ತೆಗೆ ಎಪ್ಪತ್ತೊಂದು ವರ್ಷ. ಯಜಮಾನಿಯಾದ ನಲವತ್ತಾರು ವರ್ಷಗಳಲ್ಲಿ ಒಂದು ಸಲವೂ ಅವಳ ಹಗೇವಿನ ಬಗ್ಗೆ ಯಾರೂ ಮಾತಾಡಿರಲಿಲ್ಲ. ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ.

ನಾನು ಫೇರ್‌ಬ್ಯಾಂಕ್ಸ್‌ನಲ್ಲಿ ಜೀವಶಾಸ್ತ್ರ ಓದಿ ಊರಿಗೆ ಮರಳಿದವಳು. ಮೂರು ವರ್ಷದಿಂದ ಊರಿನ ಹನ್ನೊಂದು ಹಗೇವುಗಳಲ್ಲಿ ಉಷ್ಣಮಾಪಕ ತೂಗುಹಾಕಿ, ತಿಂಗಳಿಗೊಮ್ಮೆ ಇಳಿದು ಬರೆದುಕೊಂಡು, ವಿಶ್ವವಿದ್ಯಾಲಯಕ್ಕೆ ಕಳಿಸುವುದು ನನ್ನ ಕೆಲಸ. ಅಕ್ಟೋಬರಿನಲ್ಲಿ ನಾನು ಇಳಿದಿರಲಿಲ್ಲ. ಎಂಟನೇ ತರಗತಿಯ ಮಕ್ಕಳಿಗೆ ಪಾಠ ಮಾಡುವವರಿಲ್ಲದೆ ಶಾಲೆಗೆ ನನ್ನನ್ನು ಕರೆದಿದ್ದರು. ಒಂದು ತಿಂಗಳು ತಾನೇ ಎಂದುಕೊಂಡಿದ್ದೆ.

ಹಗೇವಿನ ಬಾಯಿಯ ಹತ್ತಿರ ಕುನುಯಕ್ ಸಿಗರೇಟು ಸೇದುತ್ತ ನಿಂತಿದ್ದ. ಅತ್ತೆಯ ತಮ್ಮ, ಮಾವನ ದೋಣಿಯ ಈಟಿಗಾರ. ಮುಚ್ಚಳ ಎತ್ತಿ ಬದಿಗಿಟ್ಟಿದ್ದ.

"ಬಾರಮ್ಮ ಡಾಕ್ಟ್ರಮ್ಮ," ಅಂದ. "ನೆಲದ ಜ್ವರ ನೋಡೋಕೆ ಬಂದ್ಯಾ? ನನ್ನದೂ ನೋಡು, ಎರಡು ದಿನದಿಂದ ಕೆಲಸ ಅಂದ್ರೆ ಮೈ ಬೆಚ್ಚಗಾಗುತ್ತೆ."

"ನಿಂಗೆ ಹುಟ್ಟಿದಾಗ್ಲಿಂದ ಅದೇ ಜ್ವರ," ಅಂದಳು ಅತ್ತೆ. "ಏಣಿ ಗಟ್ಟಿಯಾಗಿ ಹಿಡ್ಕೊ. ಸಿಗರೇಟು ಎಸಿ. ಹಗೇವಿನ ಬಾಯಲ್ಲಿ ಬೂದಿ ಬಿದ್ರೆ ನಿನ್ನನ್ನೇ ಒಳಗೆ ಹಾಕಿ ಮುಚ್ತೀನಿ."

ಮೊದಲು ನಾನು ಇಳಿದೆ. ಏಣಿಯ ಅರ್ಧದಲ್ಲೇ ವಾಸನೆ ಮೂಗಿಗೆ ಬಡಿಯಿತು. ಹಗೇವಿಗೆ ಅದರದೇ ವಾಸನೆಯಿದೆ: ಹಳೆಯ ಎಣ್ಣೆ, ತಣ್ಣನೆಯ ಕಬ್ಬಿಣ, ಮಣ್ಣು. ಇದು ಅದಲ್ಲ. ಮಳೆಯಲ್ಲಿ ನೆನೆದ ಮರದ ವಾಸನೆ, ಅದರಡಿಯಲ್ಲಿ ಸಿಹಿಯಾದ ಇನ್ನೇನೋ. ಹಣೆದೀಪದ ಬೆಳಕಿನಲ್ಲಿ ಗೋಡೆ ಹೊಳೆಯಿತು. ಮೊದಲು ಅಲ್ಲಿ ಹರಳು ಹರಳಾಗಿ ಮಂಜು ಕೂತಿರುತ್ತಿತ್ತು, ಬೆರಳಿಟ್ಟರೆ ಅಂಟಿಕೊಳ್ಳುತ್ತಿತ್ತು. ಈಗ ಬೆರಳು ಒದ್ದೆಯಾಯಿತು.

ಅತ್ತೆ ಒಂದೊಂದೇ ಮೆಟ್ಟಿಲು ಇಳಿದು ನನ್ನ ಪಕ್ಕ ನಿಂತಳು. ಮೂಗನ್ನು ಒಮ್ಮೆ ಸಣ್ಣಗೆ ಎತ್ತಿದಳು.

ಬಾಲ ಮೇಲಿನ ಅಟ್ಟದಲ್ಲಿತ್ತು. ಅಲೆ ತಂದು ದಡಕ್ಕೆ ಹಾಕಿದ ಮರದಿಂದ ಮಾವನ ಅಪ್ಪ ಕಟ್ಟಿದ ಅಟ್ಟ ಅದು, ನೆಲದಿಂದ ನನ್ನ ಭುಜದೆತ್ತರ. ಬಾಲದ ಇಪ್ಪತ್ತು ತುಂಡುಗಳನ್ನು ಅದರ ಮೇಲೆ ಸಾಲಾಗಿ ಜೋಡಿಸಿತ್ತು. ಅಷ್ಟೂ ಬೆಳ್ಳಗಿದ್ದವು.

ಬಿಳಿ ಬೂಷ್ಟು ನಮಗೆ ಹೊಸದಲ್ಲ. ಪ್ರತಿ ವರ್ಷವೂ ಮಾಂಸದ ಅಂಚಿನಲ್ಲಿ ಅಲ್ಲಲ್ಲಿ, ಉಗುರಿನಷ್ಟು ದಪ್ಪ, ಒಂದು ಬಿಳಿ ನವಿರು ಬರುತ್ತದೆ. ಅದನ್ನು ಹಿರಿಯರ ಗಡ್ಡ ಅನ್ನುತ್ತೇವೆ. ಅರ್ಧಚಂದ್ರದಂಥ ಹೆಂಗಸರ ಕತ್ತಿಯಿಂದ ಅದನ್ನು ಹೆರೆದು ತೆಗೆದರೆ ಕೆಳಗೆ ಮಾಂಸ ಕಲ್ಲಿನಂತೆ ಇರುತ್ತದೆ. ನಾನು ಆರು ವರ್ಷದವಳಾಗಿದ್ದಾಗ ಅತ್ತೆ ಇದೇ ಅಟ್ಟದ ಮುಂದೆ ನಿಲ್ಲಿಸಿ ನನಗದನ್ನು ಕಲಿಸಿದ್ದಳು: "ಬಿಳೀದು ನಮ್ಮೋರು. ಕರೀದು ಬಂದ್ರೆ ಕೂಗು." ಕಾಲೇಜಿನಲ್ಲಿ ಅದನ್ನೇ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ದೂರದ ಊರಿನಲ್ಲಿ ನೆಂಟರನ್ನು ಕಂಡಷ್ಟು ಸಂತೋಷವಾಗಿತ್ತು. ಸೊನ್ನೆಗಿಂತ ಕೆಳಗೂ ಅದು ಬದುಕುತ್ತದೆ. ತನ್ನ ಎಳೆಗಳೊಳಗೆ ಸಕ್ಕರೆಯಂಥದ್ದೇನನ್ನೋ ತುಂಬಿಕೊಂಡು ಹೆಪ್ಪುಗಟ್ಟದೆ ಉಳಿಯುತ್ತದೆ. ವರ್ಷಕ್ಕೆ ಉಗುರಿನಷ್ಟು ಬೆಳೆಯುವುದು ಅದರ ಆಯ್ಕೆಯಲ್ಲ, ಚಳಿ ಹಾಕಿದ ಕಟ್ಟು. ಕಟ್ಟು ಸಡಿಲಿದರೆ ಅದಕ್ಕೆ ಆತುರ ಬರುತ್ತದೆ.

ಈ ಸಲ ಗಡ್ಡ ಎರಡು ಬೆರಳು ದಪ್ಪವಿತ್ತು. ಅತ್ತೆ ಸೊಂಟದಿಂದ ಕತ್ತಿ ತೆಗೆದು ಮೊದಲ ತುಂಡನ್ನು ಹೆರೆದಳು. ಬಿಳಿಯ ಕೆಳಗೆ ಒದ್ದೆ ಬೂದಿಯ ಬಣ್ಣದ ಪದರ ಬಂತು, ಅದರ ಕೆಳಗೆ ಹಸಿರು ಕಪ್ಪು. ಮತ್ತೆ ಹೆರೆದಳು. ಕತ್ತಿ ಕೈಯ ಒತ್ತಡವಿಲ್ಲದೆ ತಾನೇ ಇಳಿಯಿತು. ಅವಳು ಅದನ್ನು ಎಳೆದು, ಮೂಗಿನ ಹತ್ತಿರ ಹಿಡಿದು, ತೋಳಿಗೆ ಒರೆಸಿ, ಎರಡನೆಯ ತುಂಡಿಗೆ ಹೋದಳು. ಆಮೇಲೆ ಮೂರನೆಯದು. ಏಳನೆಯದರ ನಂತರ ನಿಲ್ಲಿಸಿದಳು.

ನಾನು ಅಟ್ಟದ ಕಂಬಕ್ಕೆ ಕೈಯಿಟ್ಟೆ. ಹೆಬ್ಬೆರಳು ಮರದೊಳಗೆ ಹೋಯಿತು, ಚಹಾದಲ್ಲಿ ಅದ್ದಿದ ಬಿಸ್ಕತ್ತಿನೊಳಗೆ ಹೋದಂತೆ. ಎಪ್ಪತ್ತು ವರ್ಷ ಕಲ್ಲಾಗಿದ್ದ ಮರವನ್ನು ಒಂದೆರಡು ಬೇಸಿಗೆಯಲ್ಲಿ ಯಾವುದೋ ಎಳೆಗಳು ಒಳಗಿಂದ ತಿಂದು ಮುಗಿಸಿದ್ದವು.

"ಮೇಲೆ ನಡಿ," ಅಂದಳು ಅತ್ತೆ.

"ಅತ್ತೆ..."

"ಸೆಪ್ಟೆಂಬರಿನಲ್ಲಿ ನಿಂಗೆ ಹೇಳಿದ್ದೆ."

ಹೇಳಿದ್ದಳು. ಸೆಪ್ಟೆಂಬರ್ 17. ನನ್ನ ದಿನಚರಿಯಲ್ಲಿದೆ. ಅಂದು ಅವಳು ನನ್ನ ಮನೆ ಬಾಗಿಲಿಗೇ ಬಂದು, ಯಾರೂ ಕೇಳದಂತೆ ನನ್ನನ್ನು ಪಕ್ಕಕ್ಕೆ ಕರೆದು, "ವಾಸನೆ ಬದಲಾಗಿದೆ ಕಣೇ. ಬಾಲಾನ ಶಾಲೆಯ ಶೀತಪೆಟ್ಟಿಗೆಗೆ ಹಾಕಿಬಿಡ್ಲಾ? ಜನ ಏನಾದ್ರೂ ಅಂದ್ಕೊಳ್ಳಲಿ," ಅಂದಿದ್ದಳು. ಹಗೇವಿನಿಂದ ಬಾಲ ತೆಗೆದು ಕರೆಂಟಿನ ಪೆಟ್ಟಿಗೆಗೆ ಹಾಕಿದ ಯಜಮಾನಿ ನಮ್ಮೂರಲ್ಲಿ ಇದುವರೆಗೆ ಇಲ್ಲ. ಅವಳು ಆ ಮಾತಾಡಲು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಳೋ. ನಾನು ಪುಸ್ತಕ ತೆರೆದು ತೋರಿಸಿದೆ: ಸೊನ್ನೆಗಿಂತ ಕೆಳಗೆ 1.9 ಡಿಗ್ರಿ. "ಮೂಗು ಮೋಸ ಮಾಡುತ್ತೆ ಅತ್ತೆ, ಇದು ಮಾಡಲ್ಲ. ಇನ್ನೇನು ಕಡಲು ಕೂರುತ್ತೆ. ಕಾಯಬಹುದು," ಅಂದೆ. ಅವಳ ಮುಖ ಹಗುರಾಯಿತು. ನನಗೆ ಶಾಲೆಯಲ್ಲಿ ಬಹುಮಾನ ಸಿಕ್ಕಾಗ ಆಗುತ್ತಿದ್ದಂತೆ.

ಈಗ ಏಣಿಯ ಬುಡದಲ್ಲಿ ನಿಂತು ನನ್ನ ಉಷ್ಣಮಾಪಕವನ್ನು ನೋಡಿದೆ. ಅದು ಏಣಿಯ ಹಿಂದೆ, ನೆಲದಿಂದ ಒಂದು ಗೇಣು ಎತ್ತರದಲ್ಲಿ ತೂಗುತ್ತಿತ್ತು. ತಣ್ಣನೆಯ ಗಾಳಿ ಭಾರ, ಅದು ಕೆಳಗೆ ಹೋಗಿ ಕೂರುತ್ತದೆ ಎಂದು ಎಂಟನೇ ತರಗತಿಯ ಮಕ್ಕಳಿಗೆ ಅಕ್ಟೋಬರಿನಲ್ಲಿ ನಾನೇ ಪಾಠ ಮಾಡಿದ್ದೆ. ಮೂರು ವರ್ಷ ನಾನು ಹಗೇವಿನ ಅತಿ ತಂಪಾದ ಮೂಲೆಯನ್ನೇ ಅಳೆದು, ಅದೇ ಹಗೇವಿನ ಉಷ್ಣತೆ ಎಂದು ಬರೆದಿದ್ದೆ. ಮಾಂಸ ಇದ್ದದ್ದು ಅದಕ್ಕಿಂತ ಒಂದು ಮೀಟರಿಗೂ ಹೆಚ್ಚು ಮೇಲೆ.

*

ಅಡಿಗೆಮನೆಯ ಮೇಜಿನ ಮೇಲೆ ಚಹಾ ತಣ್ಣಗಾಯಿತು. ಅತ್ತೆ ಒಂದು ಚೂರನ್ನು ಮಾವನಿಗೆ ತೋರಿಸಲೆಂದು ತಟ್ಟೆಯಲ್ಲಿ ತಂದಿದ್ದಳು. ಯಾರೂ ಅದರ ಹತ್ತಿರ ಕೂರಲಿಲ್ಲ.

"ಹೆರೆದು ಹೆರೆದು ಒಳಗಿನದ್ದು ಕೊಡೋಣ," ಅಂದ ಕುನುಯಕ್. "ಕುದಿಸಿ ಕೊಟ್ರೆ ಏನಾಗುತ್ತೆ? ನಮ್ಮಜ್ಜ ಇದಕ್ಕಿಂತ ಹಳೇದು ತಿಂದು ತೊಂಬತ್ತು ಬದುಕ್ದ."

"ನಮ್ಮಜ್ಜ ತಿಂದದ್ದು ಹೆಪ್ಪುಗಟ್ಟಿದ್ದು," ಅಂದಳು ಅತ್ತೆ. "ಕುದಿಸಿದ ಬಾಲ ಹಂಚೋಕೆ ಇದೇನು ಆಸ್ಪತ್ರೆನಾ?"

ಮಾವ ನನ್ನ ಕಡೆ ನೋಡಿದ. "ತುಕು, ನೀನು ಓದಿದೋಳು. ಹೇಳು. ತಿಂದ್ರೆ ಸಾಯ್ತಾರಾ?"

"ಗೊತ್ತಿಲ್ಲ ಮಾವ. ಕಣ್ಣಿಗೆ ಕಾಣೋ ಈ ಬೂಷ್ಟಿಗೆ ನಾನು ಅಷ್ಟು ಹೆದರಲ್ಲ. ಇದು ಇಷ್ಟು ದಪ್ಪ ಬೆಳೆಯೋಷ್ಟು ಬೆಚ್ಚಗಿತ್ತು ಅಂದ್ರೆ, ಕಣ್ಣಿಗೆ ಕಾಣದ ವಿಷದ ಕ್ರಿಮಿಯೂ ಕೊಬ್ಬಿನೊಳಗೆ ಬೆಳೆದಿರಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ನಾಲಿಗೆ ತೊದಲುತ್ತೆ, ಆಮೇಲೆ ಉಸಿರು ನಿಲ್ಲುತ್ತೆ. ಪರೀಕ್ಷೆಗೆ ಕಳಿಸಿದ್ರೆ ಉತ್ತರ ಬರೋಕೆ ಎರಡು ವಾರ."

"ನಾಡಿದ್ದು ಬಾಲ," ಅಂದ ಮಾವ, ತನಗೇ ಹೇಳಿಕೊಂಡಂತೆ.

"ಅರವತ್ತೆರಡು ಮನೆ," ಅಂದಳು ಅತ್ತೆ. "ಅದರಲ್ಲಿ ಹಾಲು ಕುಡಿಸೋ ತಾಯಂದ್ರು ನಾಲ್ಕು ಜನ." ತಟ್ಟೆಯ ಮೇಲೆ ಬಟ್ಟೆ ಮುಚ್ಚಿದಳು. "ಹಂಚೋದಿಲ್ಲ. ಮುಗೀತು."

ಕುನುಯಕ್ ತಮಾಷೆ ಮಾಡದೆ ತಟ್ಟೆಯನ್ನೆತ್ತಿ ಹೊರಗಿಟ್ಟು ಬಂದ. ಅವನ ಬಾಯಿಂದ ತಮಾಷೆ ಬಾರದ್ದನ್ನು ನಾನು ಅಂದೇ ಮೊದಲು ಕಂಡದ್ದು. ಮುಂದಿನ ವಸಂತದಲ್ಲಿ ಈ ದೋಣಿಗೆ ಯಾರು ಹತ್ತುತ್ತಾರೆ ಎಂದು ನಾಲ್ವರೂ ಯೋಚಿಸುತ್ತಿದ್ದೆವು. ಹುಡುಗರು ನಯವಾಗಿ ಬೇರೆ ಯಜಮಾನನ ಹತ್ತಿರ ಹೋಗುತ್ತಾರೆ. ಯಾರೂ ಕಾರಣ ಹೇಳುವುದಿಲ್ಲ.

ಆಗ ನಾನು ಉಷ್ಣಮಾಪಕದ ವಿಷಯ ಹೇಳಿದೆ. ಎಲ್ಲಿ ತೂಗುಹಾಕಿದ್ದೆ, ಎಲ್ಲಿ ಹಾಕಬೇಕಿತ್ತು, ಅತ್ತೆ ಸೆಪ್ಟೆಂಬರಿನಲ್ಲಿ ಏನು ಕೇಳಿದಳು, ನಾನು ಏನಂದೆ. ಮಾವನಿಗೆ ಸೆಪ್ಟೆಂಬರಿನ ಮಾತು ಗೊತ್ತೇ ಇರಲಿಲ್ಲ. ಅವನು ಹೆಂಡತಿಯ ಕಡೆ ನಿಧಾನವಾಗಿ ತಿರುಗಿದ.

"ಪೆಟ್ಟಿಗೆಗೆ ಹಾಕೋಣ ಅಂತ ಕೇಳಿದ್ಯಾ ನೀನು?"

"ಕೇಳಿದ್ದೆ."

"ನನ್ನನ್ನ ಕೇಳಲಿಲ್ಲ."

"ನಿನ್ನನ್ನ ಕೇಳಿದ್ರೆ ಬೇಡ ಅಂತಿದ್ದೆ. ಅವಳನ್ನ ಕೇಳಿದ್ರೆ ಹೂಂ ಅಂತಾಳೆ ಅಂದ್ಕೊಂಡೆ," ಅಂದಳು ಅತ್ತೆ. ಆಮೇಲೆ ನನ್ನ ಕಡೆ ನೋಡದೆ, "ಆ ಮಾಪಕಾನ ಕೆಳಗೆ ಹಾಕು ಅಂದೋಳು ನಾನೇ ಅಲ್ವಾ," ಅಂದಳು.

ಅದೂ ನಿಜ. 2016ರಲ್ಲಿ ನಾನು ಅಟ್ಟದ ಮೇಲೆ ಮೊಳೆ ಹೊಡೆಯಲು ಹೋದಾಗ ಅವಳು ಕೈ ಹಿಡಿದಿದ್ದಳು. ತಿಮಿಂಗಿಲ ನಮ್ಮ ಅತಿಥಿ, ಅದರ ತಲೆಯ ಮೇಲೆ ಕಬ್ಬಿಣ ತೂಗುಹಾಕಬಾರದು, ಅದಕ್ಕೆ ಬೇಸರವಾಗುತ್ತದೆ ಎಂದಿದ್ದಳು. ಒಂದು ಮಾತು ವಾದ ಮಾಡಬಹುದಿತ್ತು. ಮರದ ಗೂಡಿನಲ್ಲಿಟ್ಟು ಹಾಕುತ್ತೇನೆ ಎನ್ನಬಹುದಿತ್ತು. ಕಾಲೇಜಿನಿಂದ ಬಂದವಳು ಹಿರಿಯರಿಗೆ ಎದುರಾಡುತ್ತಾಳೆ ಎನಿಸಿಕೊಳ್ಳಲು ಇಷ್ಟವಿರಲಿಲ್ಲ. ಅದಕ್ಕೇ ನಕ್ಕು, ಏಣಿಯ ಹಿಂದೆ ಹಾಕಿದ್ದೆ. ಗೌರವಕ್ಕಾಗಿ ತಪ್ಪು ಜಾಗದಲ್ಲಿಟ್ಟೆ, ಆಮೇಲೆ ಆ ತಪ್ಪು ಅಂಕಿಯನ್ನು ಹಿಡಿದು ಅವಳ ಮೂಗನ್ನು ಸುಳ್ಳುಮಾಡಿದೆ.

"ಶನಿವಾರ ನಾನೇ ಎಲ್ಲರ ಮುಂದೆ ಹೇಳ್ತೀನಿ," ಅಂದೆ. "ಹಗೇವು ಕೊಳಕಾಗಿರಲಿಲ್ಲ, ತಪ್ಪು ನನ್ನದು ಅಂತ."

"ಹೇಳು," ಅಂದಳು ಅತ್ತೆ. "ಹೇಳಿದ್ರೆ ನಿಂಗೆ ನಿದ್ದೆ ಬರಬಹುದು."

*

ಶುಕ್ರವಾರ ಮಾವ ಮತ್ತು ಕುನುಯಕ್ ಕಬ್ಬಿಣದ ಕಂಬಗಳ ಆಸರೆ ಕೊಟ್ಟು ಅಟ್ಟ ನಿಲ್ಲಿಸಿ, ಇಪ್ಪತ್ತು ತುಂಡುಗಳನ್ನೂ ಮೇಲೆತ್ತಿದರು. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ ಎಂದು ನಾನು ಕೊಟ್ಟದ್ದನ್ನು ಇಬ್ಬರೂ ಕಟ್ಟಿಕೊಂಡರು. ಬಾಲವನ್ನು ಕಡಲಿಗೇ ಮರಳಿಸಬೇಕು ಎಂಬುದು ಮಾವನ ಆಸೆ. ಕುನುಯಕ್ ಕೋಲು ಹಿಡಿದು ದಡದುದ್ದಕ್ಕೂ ಚುಚ್ಚುತ್ತ ಹೋಗಿ ಬಂದ.

"ಆಗಲ್ಲ ಭಾವ. ಮಂಜುಗಡ್ಡೆ ನಡೆಯೋಕೆ ತೆಳು, ದೋಣಿಗೆ ದಪ್ಪ."

ಕೊನೆಗೆ ಊರಾಚೆ ಮೂಳೆ ಎಸೆಯುವ ಕಲ್ಲುದಿಬ್ಬಕ್ಕೆ ಜಾರುಬಂಡಿಯಲ್ಲಿ ಎಳೆದುಕೊಂಡು ಹೋದೆವು. ದಾರಿಯಲ್ಲಿ ಹಿಮ ಸಾಕಷ್ಟಿರಲಿಲ್ಲ, ಬಂಡಿ ಜಲ್ಲಿಗೆ ತಾಗಿ ಕಿರುಗುಟ್ಟುತ್ತಿತ್ತು. ಪ್ರತಿ ಮನೆಯ ಕಿಟಕಿಯಲ್ಲೂ ಒಂದೊಂದು ಮುಖವಿತ್ತು. ಮಾವ ತಲೆ ತಗ್ಗಿಸಲಿಲ್ಲ, ಯಾರನ್ನೂ ನೋಡಲೂ ಇಲ್ಲ. ದಿಬ್ಬದ ಮೇಲೆ ಸುರಿದು ತಿರುಗುವಷ್ಟರಲ್ಲಿ ದೂರದಲ್ಲಿ ಎರಡು ಕರಡಿಗಳು ಮೂಗೆತ್ತಿ ನಿಂತಿದ್ದವು. ಅವುಗಳೂ ಮಂಜುಗಡ್ಡೆಗಾಗಿ ಕಾದು ಸೊರಗಿದ್ದವು.

"ತಿನ್ನಲಿ ಬಿಡು," ಅಂದ ಕುನುಯಕ್. "ಇವಕ್ಕಾದ್ರೂ ಪಾತ್ರೆ ತರೋ ಕಷ್ಟ ಇಲ್ಲ."

ಮಾವ ಖಾಲಿ ಬಂಡಿಯ ಹಗ್ಗ ಹೆಗಲಿಗೇರಿಸಿದ.

ಶನಿವಾರ ಮಧ್ಯಾಹ್ನ ಜನ ಬಂದರು. ಎಲ್ಲರಿಗೂ ವಿಷಯ ಗೊತ್ತಿತ್ತು, ಆದರೂ ಪಾತ್ರೆ ಹಿಡಿದೇ ಬಂದರು. ಪಾತ್ರೆಯಿಲ್ಲದೆ ಬಂದರೆ ಯಜಮಾನಿಗೆ ಅವಮಾನ. ಅತ್ತೆ ಹೂವಿನ ಅಂಚಿನ ಹೊಸ ನಿಲುವಂಗಿ ಹಾಕಿ ಬಾಗಿಲಲ್ಲಿ ನಿಂತಿದ್ದಳು. ಪ್ರತಿ ಪಾತ್ರೆಗೂ ಒಣಗಿಸಿದ ಸೀಲ್ ಮಾಂಸದ ಒಂದು ತುಂಡು ಹಾಕಿದಳು, ತನ್ನ ಚಳಿಗಾಲದ ದಾಸ್ತಾನಿನಿಂದ. ಅದು ಬಾಲವಲ್ಲ. ಬರಿಗೈಯಲ್ಲಿ ಕಳಿಸಬಾರದೆಂದು ಕೊಟ್ಟದ್ದು.

ನಾನು ಮೆಟ್ಟಿಲ ಮೇಲೆ ನಿಂತು ಮಾತಾಡಿದೆ. ಕಾಗದದಲ್ಲಿ ಬರೆದುಕೊಂಡಿದ್ದೆ. ಮಾಪಕ ಎಲ್ಲಿತ್ತು, ಗಾಳಿ ಪದರ ಪದರವಾಗಿ ಹೇಗೆ ನಿಲ್ಲುತ್ತದೆ, ಬಿಳಿಗಡ್ಡ ಎಂದಿನಿಂದಲೂ ನಮ್ಮ ನೆಲದಲ್ಲಿರುವುದೇ, ನೆಲ ಬೆಚ್ಚಗಾದದ್ದರಿಂದ ಅದಕ್ಕೂ ಅದರ ಜೊತೆಯವಕ್ಕೂ ಹೇಗೆ ಬಲ ಬಂತು, ಅತ್ತೆ ಎಲ್ಲರಿಗಿಂತ ಮೊದಲು ಹೇಗೆ ತಿಳಿದುಕೊಂಡಳು, ನಾನು ಹೇಗೆ ತಡೆದೆ. ಎಲ್ಲರೂ ಕೊನೆಯವರೆಗೆ ಕೇಳಿದರು. ನಮ್ಮವರು ಮಾತನ್ನು ನಡುವೆ ಮುರಿಯುವುದಿಲ್ಲ.

ಊರಿಗೇ ಹಿರಿಯಳಾದ ಉಯಾರಕ್ ಅಜ್ಜಿ ನನ್ನ ಕೆನ್ನೆ ತಟ್ಟಿದಳು. "ಚೆನ್ನಾಗಿ ಹೇಳ್ದೆ ಮಗಳೇ. ಒಳ್ಳೇ ಮನಸ್ಸು ನಿಂದು. ಅತ್ತೆ ಮೇಲೆ ಪ್ರೀತಿ." ಆಮೇಲೆ ತನ್ನ ಪಾತ್ರೆಯಲ್ಲಿದ್ದ ಸೀಲ್ ತುಂಡನ್ನು ನೋಡುತ್ತ, ಯಾರಿಗೂ ಅಲ್ಲವೆಂಬಂತೆ, "ಆದ್ರೆ ಹಗೇವು ಯಜಮಾನಿಯದು," ಅಂದಳು.

ಅದರಲ್ಲಿ ಕಹಿ ಇರಲಿಲ್ಲ. ಗಾಳಿ ಯಾವ ದಿಕ್ಕಿನದು ಎಂದು ಹೇಳುವಂತೆ ಹೇಳಿದಳು. ಅತ್ತೆ ತಲೆಯಾಡಿಸಿ ಮುಂದಿನ ಪಾತ್ರೆಗೆ ಕೈ ಚಾಚಿದಳು. ಸಾಲಿನ ಕೊನೆಯಲ್ಲಿದ್ದ ನಮ್ಮ ದೋಣಿಯ ಇಬ್ಬರು ಹುಡುಗರು ಮಾವನ ಕೈ ಕುಲುಕಿ, ಬೂಟಿನ ತುದಿ ನೋಡುತ್ತ ಹೊರಟರು. ಸಂಜೆಯ ಹೊತ್ತಿಗೆ ಅವರು ಬೇರೆ ಮನೆಯ ದೋಣಿಗೆ ಹೊದಿಸುವ ಚರ್ಮ ಹೊಲಿಯಲು ಹೋಗುತ್ತಾರಂತೆ ಎಂದು ಕುನುಯಕ್ ಸುದ್ದಿ ತಂದ.

*

ಭಾನುವಾರ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಅತ್ತೆ ಹಗೇವಿನ ನೆಲ ಗುಡಿಸಲು ಹೊರಟಳು. ಬೇಡ, ಮೇಲಿನ ತೊಲೆಗಳೂ ಮೆತ್ತಗಾಗಿವೆ ಎಂದು ಮಾವ ಅಂದ. ಅವಳು ಪೊರಕೆ ಕೆಳಗಿಡಲಿಲ್ಲ. ಆಸರೆ ಕೊಟ್ಟಿದೆಯಲ್ಲ ಎಂದು ಇಳಿದಳು. ನಾನು ಹಿಂದೆಯೇ ಇಳಿದೆ.

ಖಾಲಿ ಹಗೇವು ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಅತ್ತೆ ಅಟ್ಟದ ಮೇಲೆ ಉದುರಿದ್ದ ಬಿಳಿ ನವಿರನ್ನೆಲ್ಲ ಕತ್ತಿಯ ಬೆನ್ನಿನಿಂದ ಕೆರೆದು ಡಬ್ಬಿಗೆ ತುಂಬಿದಳು. ಮುಗಿಸಿ ಹಿಂತಿರುಗಿ ನೋಡಿದಾಗ ಮೊದಲು ಹೆರೆದ ಜಾಗದಲ್ಲಿ, ಗೋಡೆಯ ಸಂದಿಯಲ್ಲಿ, ಅದು ಇನ್ನೂ ಇತ್ತು. ಅದನ್ನು ಬಿಟ್ಟುಬಿಟ್ಟಳು.

"ಮುಂದಿನ ವರ್ಷ ಹಿಡಿದ್ರೆ ಎಲ್ಲಿಡೋದು?" ಅಂದೆ. ಹಿಡಿದರೆ ಎಂಬುದನ್ನು ಸಹಜವಾಗಿ ಹೇಳಲು ಪ್ರಯತ್ನಪಟ್ಟೆ.

ಅವಳು ನನ್ನ ಕೈಯಲ್ಲಿದ್ದ ಉಷ್ಣಮಾಪಕವನ್ನು ನೋಡಿದಳು.

"ಈಗ ಅದನ್ನ ಎಲ್ಲಿ ಹಾಕ್ತೀಯ?"

"ಎರಡು ತಂದಿದ್ದೀನಿ. ಒಂದು ಹಳೇ ಜಾಗಕ್ಕೆ. ಇನ್ನೊಂದು..." ನಾನು ಅಟ್ಟದ ಕಡೆ ನೋಡಿದೆ.

"ಹಾಕು," ಅಂದಳು ಅತ್ತೆ. "ಬೇಸರ ಮಾಡ್ಕೊಳ್ಳೋಕೆ ಈಗ ಅಲ್ಲಿ ಯಾರಿದ್ದಾರೆ?"

ಮೊಳೆಗೆ ಸುತ್ತಿಗೆ ಬೇಕಾಗಲಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಸಾಕಾಯಿತು. ನಾವು ಹತ್ತಿ ಬಂದು ಮುಚ್ಚಳ ಹಾಕಿ, ಅಂಚಿಗೆ ಹಿಮ ಒತ್ತಿ, ಇಪ್ಪತ್ತನಾಲ್ಕು ಗಂಟೆ ಬಿಟ್ಟೆವು.

ನವೆಂಬರ್ 25, ಸೋಮವಾರ, ಮಧ್ಯಾಹ್ನ 2 ಗಂಟೆ 15 ನಿಮಿಷ. ಹೊರಗೆ, ಸೊನ್ನೆಗಿಂತ ಕೆಳಗೆ 6.0 ಡಿಗ್ರಿ. ಹಗೇವಿನ ನೆಲದಲ್ಲಿ, ಏಣಿಯ ಹಿಂದೆ, ಸೊನ್ನೆಗಿಂತ ಕೆಳಗೆ 0.8. ಬಾಲವಿದ್ದ ಅಟ್ಟದಲ್ಲಿ, ಸೊನ್ನೆಗಿಂತ ಮೇಲೆ 1.7 ಡಿಗ್ರಿ.